ಗೂಡಿನ ಮಾರುಕಟ್ಟೆಗೆ ಬಂದ ದನಿ

ಮೈಸೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆಯೇ ನನಗೂ ಒಬ್ಬ ಕಂಡಕ್ಟರಿಗೂ ಸಣ್ಣ ಜಗಳವಾಯಿತು. ಬಸ್ಸು ರಾಮನಗರದ ಊರೊಳಗೆ ಹೋಗುತ್ತದೆಯೇ ಎಂದು ಕೇಳಿದಾಗ "ಹೋಯ್ತದೆ, ಹತ್ತಿ" ಎಂದವನು, ನಾನು ಕಿಟಕಿ ಪಕ್ಕ ಕೂತು ಚೀಲ ಜೋಡಿಸಿಕೊಂಡ ಮೇಲೆ "ಬೈಪಾಸಲ್ಲಿ ಇಳ್ಕಳಿ, ಆಟೋ ಸಿಕ್ತದೆ" ಎಂದ. ಹೊಸ ಹೆದ್ದಾರಿ ಬಂದ ಮೇಲೆ ಬೆಂಗಳೂರಿಗೆ ಓಡುವ ಬಸ್ಸುಗಳಿಗೆ ನಡುವಿನ ಊರುಗಳು ಕಣ್ಣಿಗೇ ಬೀಳುವುದಿಲ್ಲ. ಗೊಣಗುತ್ತ ಇಳಿದು, ಹಳೆಯ ರಸ್ತೆಯಲ್ಲಿ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಕೆಂಪು ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಬಂತು. ಪ್ರಯಾಣ ಭತ್ಯೆ ಬೇಕಾದರೆ ಟಿಕೆಟ್ ಲಗತ್ತಿಸಿ ಎನ್ನುತ್ತದೆ ನಮ್ಮ ಕಾಲೇಜು. ಇದನ್ನೂ ಲಗತ್ತಿಸುವುದೆಂದು ಜೋಪಾನವಾಗಿ ಎತ್ತಿಟ್ಟುಕೊಂಡೆ.

ನಾನು ಸಮಾಜಶಾಸ್ತ್ರ ಪಾಠ ಮಾಡುವವಳು. ನನ್ನ ಸಂಶೋಧನೆಯ ವಿಷಯ ಕೇಳಿದರೆ ನೆಂಟರು ಮಾತು ಬದಲಿಸುತ್ತಾರೆ. ಉಗ್ರವಾದ, ದ್ವೇಷದ ಪ್ರಚಾರ, ಅದರೊಳಗೆ ಸಿಕ್ಕಿದವರು ಮತ್ತೆ ಹೊರಗೆ ಬರುವ ಬಗೆ. ಎಲ್ಲ ಧರ್ಮದ, ಎಲ್ಲ ಬಣ್ಣದ ಗುಂಪುಗಳಿಂದ ಹೊರಬಿದ್ದ ಹುಡುಗರನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿಸಿದ್ದೇನೆ. ಗುಂಪುಗಳ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಖುಷಿಯಾಗುತ್ತದೆ. ಈ ಕೆಲಸದಲ್ಲಿ ನಮಗೊಂದು ಕಟ್ಟುನಿಟ್ಟಿನ ಪಾಠವಿದೆ: ನೋಡು, ಕೇಳು, ನಡುವೆ ಬಾಯಿ ಹಾಕಬೇಡ. ಬಾಯಿಬಡುಕಿಯೆಂದು ಮನೆಯಲ್ಲಿ ಹೆಸರಾದ ನಾನು ಇಷ್ಟು ವರ್ಷ ಅದನ್ನು ಹೇಗೋ ಪಾಲಿಸಿಕೊಂಡು ಬಂದಿದ್ದೆ.

ಹೊರಟಿದ್ದು ಶಿವರಾಜುವಿಗಾಗಿ. ಇದು ಅವನ ನಿಜವಾದ ಹೆಸರಲ್ಲ. ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರದ ಒಂದು ಊರಿನ ರೈತ, ರೇಷ್ಮೆ ಬೆಳೆಗಾರ, ಮೂವತ್ತರ ಆಸುಪಾಸಿನವನು. ಸುತ್ತಲಿನ ಕಬಡ್ಡಿ ಪಂದ್ಯಗಳಿಗೆಲ್ಲ ಮೈಕು ಹಿಡಿಯುತ್ತಿದ್ದವನು ಅವನೇ. ಅಂಥ ದನಿ. ಆ ದನಿ ಕೇಳಿಯೇ ಒಂದು ಗುಂಪು ಅವನ ಬೆನ್ನು ತಟ್ಟಿತು, ಬರೆದುಕೊಟ್ಟಿದ್ದನ್ನು ಓದಿಸಿತು, ಓದಿದ್ದನ್ನು ಫೋನುಗಳಿಗೆ ಹರಿಬಿಟ್ಟಿತು. "ಓದ್ತಾ ಓದ್ತಾ ನಂಗೇ ನಿಜ ಅನ್ನಿಸ್ಬುಡ್ತು ಮೇಡಂ" ಎಂದು ನನ್ನ ಮುಂದೆ ಹೇಳಿದ್ದ. ಆ ವಾಯ್ಸ್ ಮೆಸೇಜುಗಳಲ್ಲೊಂದು ರಾಮನಗರದ ಸಾಬರ ಓಣಿಯ ಒಂದು ನೂಲು ತೆಗೆಯುವ ಶೆಡ್ಡಿನ ಗುರುತು ಹೇಳಿ, ಅಲ್ಲಿ ಆಯುಧ ಕೂಡಿಡುತ್ತಾರೆಂದು ಹಸಿ ಸುಳ್ಳು ಸಾರಿತು. ಯಾರೋ ಹುಡುಗರು ಹೋಗಿ ಕಲ್ಲು ತೂರಿದರು. ಗೂಡು ಬೇಯಿಸುವ ಕುದಿನೀರಿನ ತೊಟ್ಟಿ ಮಗುಚಿ ಆ ಮನೆಯ ಹೆಂಗಸಿನ ಕಾಲು ಸುಟ್ಟಿತು. ಕಲ್ಲು ಹೊಡೆದವರು ಸಿಕ್ಕಿಬಿದ್ದರು. ದನಿ ಯಾರದೆಂದು ರಾಮನಗರದವರಿಗೆ ಗೊತ್ತಾಗಲೇ ಇಲ್ಲ, ಗುರುತು ಹಿಡಿದ ಒಬ್ಬಿಬ್ಬರು ಬಾಯಿ ಬಿಡಲಿಲ್ಲ.

ಶಿವರಾಜು ಆ ಗುಂಪು ಬಿಟ್ಟು ಮೂರನೇ ವರ್ಷ. ರೇಡಿಯೋದಲ್ಲಿ ನನ್ನ ಮಾತು ಕೇಳಿ ತಾನಾಗಿಯೇ ಮೈಸೂರಿಗೆ ಬಂದು ಎಲ್ಲ ಹೇಳಿಕೊಂಡಿದ್ದ. ನನ್ನ ಪುಸ್ತಕದ ಜೀವವೇ ಅವನ ಮಾತು. ಅಂಥವನು ಹಿಂದಿನ ವಾರ ಫೋನು ಮಾಡಿ "ನಂದು ತಗ್ದುಬುಡಿ ಮೇಡಂ, ಹಾಕ್ಬೇಡಿ" ಎಂದ. ಯಾಕೆಂದು ಕೇಳಿದರೆ ಹೇಳಲಿಲ್ಲ. ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು ಅವನಿಗಿದೆ, ತೆಗೆಯುವುದು ನನ್ನ ಕರ್ತವ್ಯ. ಆದರೂ ಮುಖ ನೋಡಿ ಕಾರಣ ಕೇಳದೆ ನನಗೆ ನಿದ್ದೆ ಬರುವಂತಿರಲಿಲ್ಲ.

ಮಂಡ್ಯ ದಾಟುವಾಗ ತುಂತುರು ಶುರುವಾಯಿತು. ಜೂನ್ ಮೊದಲ ವಾರ. ಚನ್ನಪಟ್ಟಣದಲ್ಲಿ ಬಸ್ಸು ನಿಂತ ಐದು ನಿಮಿಷದಲ್ಲಿ ಒಂದು ಅರಗಿನ ಬಣ್ಣದ ಬುಗುರಿ ಕೊಂಡೆ. ಯಾರಿಗೆಂದು ಪಕ್ಕದವರು ಕೇಳಿದರು, ನನಗೇ ಎಂದೆ. ಕೆಂಗಲ್ಲಿನಲ್ಲಿ ಅರ್ಧ ಬಸ್ಸು ಕಿಟಕಿಯಿಂದಲೇ ಆಂಜನೇಯನಿಗೆ ಕೈ ಮುಗಿಯಿತು. ಜಿಲ್ಲೆಗೆ ಈಗ ಬೇರೆ ಹೆಸರು ಬಂದಿದೆಯಾದರೂ ಕಂಡಕ್ಟರ್ "ರಾಮ್ನಗ್ರ, ಯಾರ್ರೀ ರಾಮ್ನಗ್ರ" ಎಂದೇ ಕೂಗಿದ. ಅಲ್ಲಿ ಮಾಗಡಿ ಬಸ್ಸು ಹಿಡಿದು, ಬಂಡೆಗಳ ನಡುವೆ ಒಂದು ಗಂಟೆಗೂ ಹೆಚ್ಚು ಕುಲುಕಾಡಿ, ಮಾಗಡಿಯಲ್ಲಿ ಬೆಣ್ಣೆ ಹಾಕಿದ ಎರಡು ದೋಸೆ ತಿಂದು, ಆಟೋ ಹತ್ತಿದೆ.

ಆಟೋ ಇಳಿದರೆ ಮನೆಯಲ್ಲಿ ನನ್ನ ಕಡೆ ನೋಡುವುದಕ್ಕೂ ಯಾರಿಗೂ ಪುರಸೊತ್ತಿಲ್ಲ. ಹುಳು ಹಣ್ಣಾಗಿತ್ತು. ರೇಷ್ಮೆ ಬೆಳೆಯದವರಿಗೆ ಹೇಳುತ್ತೇನೆ: ಸೊಪ್ಪು ತಿಂದು ತಿಂದು ಬೆಳೆದ ಹುಳು ಒಂದು ದಿನ ತಿನ್ನುವುದು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಎಲ್ಲವೂ ಒಟ್ಟಿಗೆ. ಆಗ ಒಂದೊಂದನ್ನೂ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ದೊಡ್ಡ ತಟ್ಟೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳು. ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಅದಕ್ಕೆ ಮುಯ್ಯಾಳು ಪದ್ಧತಿ. ಇವತ್ತು ನಮ್ಮ ಹುಳುವಿಗೆ ನೀವು ಬನ್ನಿ, ನಾಳೆ ನಿಮ್ಮ ಹುಳುವಿಗೆ ನಾವು.

ಶಿವರಾಜುವಿನ ತಾಯಿ ಪುಟ್ಟತಾಯಮ್ಮ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬರಿಗೈಯಲ್ಲಿ ಹೋಗಬಾರದೆಂದು ನಾನು ಮೈಸೂರಿನಿಂದ ಒಳ್ಳೆಯ ಊದುಬತ್ತಿ ತಂದಿದ್ದೆ. ಹುಳು ಸಾಕುವ ಮನೆಗೆ! ಹೊಗೆಯೂ ಘಮಲೂ ಹುಳುವಿಗೆ ಆಗುವುದಿಲ್ಲವೆಂದು ಆ ಸೀಮೆಯ ಎಳೆಯ ಮಕ್ಕಳಿಗೂ ಗೊತ್ತು.

"ಅಯ್ಯೋ ನಮ್ಮವ್ವ, ಇದ್ನ ಆ ಹುಣ್ಸೆಮರುಕ್ಕೆ ಕಟ್ಬುಟ್ಟು ಬನ್ನಿ" ಎಂದರು. "ತಲೇಲಿರೋ ಮಲ್ಲಿಗೇನೂ ತಗೀರಿ. ಕೈಕಾಲು ತೊಳ್ಕಂಡು ಒಳೀಕ್ ಬನ್ನಿ. ಮಾತು ಆಮೇಲೆ."

ಊದುಬತ್ತಿಯನ್ನೂ ಮಲ್ಲಿಗೆಯನ್ನೂ ಹುಣಸೆಮರಕ್ಕೆ ಕಟ್ಟಿ, ಹುಳುವಿಗೆ ಸೋಂಕು ತಾಗದಂತೆ ಹೊಸಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಹತ್ತಾರು ಜನ ಕೂತು ಹುಳು ಆರಿಸುತ್ತಿದ್ದರು. ಮಳೆ ಬಂದಂತೆ ಸದ್ದು. ಸೊಪ್ಪು ಮೇಯುತ್ತಿದ್ದ ಕೊನೆಯ ಹುಳುಗಳದ್ದು. ಶಿವರಾಜು ತಲೆ ಎತ್ತಿ ನಕ್ಕು, ಪಕ್ಕದಲ್ಲಿ ಜಾಗ ಬಿಟ್ಟ. ಹುಳು ಬೆರಳಿಗೆ ತಣ್ಣಗೆ, ಮೆತ್ತಗೆ ತಾಗಿತು. ಮೊದಲಿಗೆ ಬೆರಳು ಹಿಂದಕ್ಕೆಳೆದುಕೊಂಡೆ, ಸ್ವಲ್ಪ ಹೊತ್ತಿಗೆ ಮುದ್ದು ಬಂತು. ನಾನು ಹಣ್ಣಾಗದ ಹುಳುಗಳನ್ನೂ ಆರಿಸಿ ಹಾಕುತ್ತಿದ್ದೆನಂತೆ. ಪುಟ್ಟತಾಯಮ್ಮ ಸದ್ದಿಲ್ಲದೆ ಅವನ್ನು ವಾಪಸ್ಸು ಸೊಪ್ಪಿಗೆ ಬಿಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ "ನೀವು ಒಸಿ ಚಂದ್ರಿಕೆ ಎತ್ಕೊಡಿ ಸಾಕು" ಎಂದು ನನ್ನ ಮಾನ ಉಳಿಸಿದರು.

ಸಂಜೆ ಮುದ್ದೆ, ಉಪ್ಸಾರು ಉಂಡ ಮೇಲೆ ಶಿವರಾಜು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆಯಲು ಕರೆದ. ಮಳೆ ಬಿಟ್ಟು ಮಣ್ಣು ಘಮ್ಮೆನ್ನುತ್ತಿತ್ತು.

"ನಾನು ಯಾಕೆ ಬುಟ್ಟೆ ಅಂತ ನೀವು ತಿರುಗ್ಸಿ ತಿರುಗ್ಸಿ ಕೇಳಿದ್ರಲ್ಲ" ಎಂದ. "ಇವತ್ತು ನೋಡಿದ್ರಲ್ಲ, ಹಿಂಗೇ ಒಂದಿನ. ಹುಳ ಹಣ್ಣಾಗಿತ್ತು, ನಾನು ಬೆಂಗಳೂರಲ್ಲಿ ವಾಯ್ಸ್ ಓದ್ತಾ ಕೂತಿದ್ದೆ. ಫೋನ್ ಆಫ್ ಮಾಡ್ಸಿದ್ರು. ಬಂದು ನೋಡ್ತೀನಿ, ಊರೋರೆಲ್ಲ ಸೇರಿ ನಮ್ ಹುಳ ಎತ್ತಾಕವ್ರೆ. ಯಾರೂ ಬೈನಿಲ್ಲ ಮೇಡಂ. ಎಲ್ಲೋಗಿದ್ದೆ ಅಂತ್ಲೂ ಕೇಳ್ನಿಲ್ಲ. ಕೂತ್ಕೋ ಅಂತ ಜಾಗ ಬುಟ್ರು. ಆ ವಾರಾನೇ ಆ ಯಮ್ಮನ ಕಾಲು ಸುಟ್ಟಿದ್ದು ಗೊತ್ತಾಗಿದ್ದು."

"ಇದನ್ನು ನನಗೆ ಹೇಳಿರಲಿಲ್ಲ" ಎಂದೆ.

"ಕೋಣೇಲಿ ಕೂತ್ರೆ ಗೆಪ್ತಿಗೆ ಬರಾಕಿಲ್ಲ."

ಆಮೇಲೆ ಮುಖ್ಯವಾದದ್ದನ್ನು ಹೇಳಿದ. ಸುಟ್ಟಿದ್ದು ಜಮೀಲಾಬಿಯವರ ಕಾಲು. ಅವರ ಗಂಡ ಅಮೀರ್ ಸಾಬರು ರಾಮನಗರದ ಗೂಡಿನ ಮಾರುಕಟ್ಟೆಗೆ ದಿನಾ ಬರುವ ರೀಲರು, ಅಂದರೆ ಗೂಡು ಕೊಂಡು ನೂಲು ತೆಗೆಯುವವರು. ಮೊದಲೆಲ್ಲ ಬೆಳೆ ಮಾರಲು ಅಲ್ಲಿಗೆ ತಾಯಿಯೇ ಹೋಗುತ್ತಿದ್ದರು, ಗುಂಪು ಬಿಟ್ಟ ಮೇಲೆ ಶಿವರಾಜುವೂ ಹೋಗಬೇಕಾಯಿತು. ಆ ವಾಯ್ಸ್ ಎಲ್ಲ ರೀಲರುಗಳ ಫೋನಿನಲ್ಲೂ ಇತ್ತು. ದನಿ ಗುರುತು ಸಿಕ್ಕರೆ ಎಂದು ಹೆದರಿ ಇವನು ಮಾರುಕಟ್ಟೆಯಲ್ಲಿ ಬಾಯಿ ಬಿಡಲೇ ಇಲ್ಲ. ತಾಯಿ ಜೊತೆಗೆ ಬಂದು ಮಾತಾಡುತ್ತಿದ್ದರು. ಇವನು ಮೂಗನಿರಬೇಕು ಎಂದು ಮಾರುಕಟ್ಟೆಯೇ ತೀರ್ಮಾನಿಸಿತು.

"ನಾವು ಹೇಳಿದ್ದಲ್ಲ, ಅವ್ರೇ ಅಂದ್ಕಂಡ್ರು. ನಾವೂ ಸುಮ್ಗಾದೋ. ಅಮೀರ್ ಸಾಬ್ರು ಅಂತೂ ನನ್ ಕಂಡ್ರೆ ಕೈಸನ್ನೇಲೇ ಎಲ್ಲ ಕೇಳ್ತಾರೆ. ಟೀ ಕುಡಿಸ್ತಾರೆ." ಬದುವಿನ ತುದಿಯಲ್ಲಿ ನಿಂತ. "ನಿಮ್ಗೆಲ್ಲ ಹೇಳ್ದೆ ಮೇಡಂ. ನೀವು ಪುಸ್ತಕ ಮಾಡ್ತೀರಿ, ಓದ್ದೋರೆಲ್ಲ ಓದ್ತಾರೆ. ಅವ್ರಿಗಿನ್ನೂ ಹೇಳಿಲ್ಲ. ಅವ್ರಿಗಿಂತ ಮೊದ್ಲು ಊರೋರ್ಗೆಲ್ಲ ಗೊತ್ತಾಗದು ಸರೀನಾ? ಅದ್ಕೇ ತಗ್ದುಬುಡಿ ಅಂದಿದ್ದು."

ನಮ್ಮ ಸಂಶೋಧನೆಯ ನಿಯಮಗಳಲ್ಲಿ ಹೇಳಿದವನ ರಕ್ಷಣೆಗೆ ಎಷ್ಟೋ ಪುಟಗಳಿವೆ, ಆದರೆ ಇವನು ಕೇಳಿದ ಪ್ರಶ್ನೆ ಎಲ್ಲೂ ಇಲ್ಲ. ಅವನ ಮೇಲೆ ಅಭಿಮಾನವೂ ಬಂತು, ಹೆದರಿಕೆಯೂ ಆಯಿತು.

"ಹೇಳಿದರೆ ಪೊಲೀಸರಿಗೂ ಗೊತ್ತಾಗುತ್ತದೆ, ಆ ಗುಂಪಿನವರಿಗೂ ಗೊತ್ತಾಗುತ್ತದೆ" ಎಂದೆ.

"ಗೊತ್ತಾಗ್ಲಿ. ಗೂಡು ಬಿಡಿಸಿ ಮಾರ್ಕೆಟ್ಗೆ ಹಾಕೋ ದಿನ ಹೇಳ್ಬುಡ್ತೀನಿ. ನೀವೂ ಬನ್ನಿ."

ಗೂಡು ಬಲಿಯಲು ಐದಾರು ದಿನ ಬೇಕು. ಅಲ್ಲಿಯವರೆಗೆ ಕನಕಪುರದಲ್ಲಿರುವ ಗೆಳತಿ ಶಾರದೆಯ ಮನೆಗೆ ಹೋದೆ. ಮಾಗಡಿಯಿಂದ ನೇರ ಬಸ್ಸು ಸಿಗದೆ ರಾಮನಗರಕ್ಕೆ ಬಂದು, ಅಲ್ಲಿಂದ ಮತ್ತೆ ಗಂಟೆಯ ಹಾದಿ. ನಿಂತೇ ಹೋದೆ, ಉಚಿತ ಟಿಕೆಟ್ಟಿನಲ್ಲಿ ಸೀಟು ಸೇರಿಲ್ಲವೆಂದು ಪಕ್ಕದಲ್ಲಿ ನಿಂತಿದ್ದ ಅಜ್ಜಿ ನಗಿಸಿದರು. ಶಾರದೆ ಅಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದವಳು, ಈಗ ನಿವೃತ್ತೆ. ದಿನಕ್ಕೊಂದು ಬಗೆಯ ಸೊಪ್ಪಿನ ಸಾರು ಮಾಡಿ ಹಾಕಿದಳು. ನಾನು ಸುಮ್ಮನೆ ಕೂತು ತಿನ್ನುವುದನ್ನು ನೋಡಲಾರದೆ ಒಂದು ಕಾಲೇಜಿನಲ್ಲಿ ಉಪನ್ಯಾಸವನ್ನೂ ಗಂಟುಹಾಕಿದಳು.

ದ್ವೇಷದ ಪ್ರಚಾರ ಹೇಗೆ ಕೆಲಸ ಮಾಡುತ್ತದೆಂದು ಪರದೆಯ ಮೇಲೆ ಚಿತ್ರ ಹಾಕಿ ಮಾತಾಡಿದೆ. ಭಯ ಹುಟ್ಟಿಸುವುದು, ಗುರುತು ಹೇಳುವುದು, ಈಗಲೇ ಏನಾದರೂ ಮಾಡಬೇಕೆಂದು ಅವಸರಪಡಿಸುವುದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಅಂಥ ವಾಯ್ಸ್ ಬಂದ್ರೆ ಏನ್ ಮಾಡ್ಬೇಕು ಮೇಡಂ?" ಎಂದಳು. ಮೂಲ ನೋಡಬೇಕು, ಬೇರೆ ಕಡೆ ತಾಳೆ ಹಾಕಬೇಕು, ಮುಂದೆ ಕಳಿಸಬಾರದು ಎಂದೆಲ್ಲ ಹೇಳಿದೆ. "ನಮ್ ಮಾವ ಎದುರ್ಗೇ ಕೂತು ಜೋರಾಗಿ ಹಾಕ್ಕೊಂಡು ಕೇಳ್ತಿದ್ರೆ?" ಎಂದಳು. ಕೋಣೆಯೆಲ್ಲ ನಕ್ಕಿತು, ನಾನೂ ನಕ್ಕೆ. ನೋಡು, ಕೇಳು, ಬಾಯಿ ಹಾಕಬೇಡ ಎಂದು ನಾನು ಕಲಿತ ಪಾಠ ಆ ಹುಡುಗಿಗೆ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ಹೇಳಿ ಕೆಳಗಿಳಿದೆ. ಉತ್ತರ ಗೊತ್ತಿಲ್ಲದಾಗ ನಾವು ಮೇಷ್ಟ್ರುಗಳು ಹೇಳುವುದೇ ಅದು.

ಮಾರುಕಟ್ಟೆಯ ದಿನ ಬೆಳಿಗ್ಗೆ ರಾಮನಗರದಲ್ಲಿ ಇಳಿದಾಗ ಮೋಡ ಮುಚ್ಚಿತ್ತು. ಗೂಡಿನ ಮಾರುಕಟ್ಟೆಯ ವಾಸನೆ ದೂರಕ್ಕೇ ಗೊತ್ತಾಗುತ್ತದೆ. ಒಳಗೆ ಸಾಲು ಸಾಲು ತೊಟ್ಟಿಗಳಲ್ಲಿ ಬಿಳಿ, ಹಳದಿ ಗೂಡಿನ ರಾಶಿ. ರೀಲರುಗಳು ಮುಷ್ಟಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಆಮೇಲೆ ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಅಂದಿನ ದರ ಕೇಳಿದ ಬೆಳೆಗಾರರೆಲ್ಲ ಕಡಿಮೆಯೆಂದರು, ರೀಲರುಗಳೆಲ್ಲ ಹೆಚ್ಚೆಂದರು. ಒಬ್ಬೊಬ್ಬರ ಪರಿಚಯವೂ ಒಬ್ಬೊಬ್ಬರಿಗಿತ್ತು. ಮಗಳ ಬಾಣಂತನ, ಮೊಮ್ಮಗನ ಶಾಲೆ, ಮಳೆ ಎಲ್ಲ ವಿಚಾರಿಸಿಕೊಂಡೇ ಬೆಲೆಗೆ ಜಗಳವಾಡುತ್ತಿದ್ದರು. ಇಂಥ ಜನರ ನಡುವೆ ಆ ಸುಳ್ಳು ಬಿಟ್ಟಿದ್ದರು.

ಶಿವರಾಜು ತನ್ನ ರಾಶಿಯ ಮುಂದೆ ನಿಂತಿದ್ದ. ಕಾಲ ಬಳಿ ಒಂದು ದೊಡ್ಡ ಹಲಸಿನ ಹಣ್ಣು. ತಾಯಿ ಬಂದಿರಲಿಲ್ಲ. "ನಾನ್ ಬಂದ್ರೆ ನಾನೇ ಮಾತಾಡ್ಬುಡ್ತೀನಿ, ನೀನೊಬ್ನೇ ಹೋಗು" ಎಂದು ಹೇಳಿ, ತವರುಮನೆ ಸೋಲೂರಿನಿಂದ ಬಂದಿದ್ದ ಹಣ್ಣನ್ನು ಅಮೀರ್ ಸಾಬರ ಮನೆಗೆಂದು ಹೊರಿಸಿ ಕಳಿಸಿದ್ದರಂತೆ. ಇಷ್ಟನ್ನೂ ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅಷ್ಟರಲ್ಲಿ ಬಿಳಿ ಗಡ್ಡದ, ಕುಳ್ಳನೆಯ ಅಮೀರ್ ಸಾಬರು ಬಂದರು. ಶಿವರಾಜುವಿನ ಭುಜ ತಟ್ಟಿ, ಬೆರಳುಗಳನ್ನು ಮೇಲಿಂದ ಕೆಳಕ್ಕೆ ಉದುರಿಸಿ ಮಳೆಯಾಯಿತೇ ಎಂದು ಕೇಳಿದರು. ಇವನು ತಲೆಯಾಡಿಸಿದ. ಸೀರೆಯ ಸೆರಗು ಹೊದ್ದಂತೆ ಮಾಡಿ ತಾಯಿಯೆಲ್ಲಿ ಎಂದು ಕೇಳಿದರು. ಇವನು ಊರಿನ ಕಡೆ ಕೈ ತೋರಿಸಿದ. ಆಮೇಲೆ ನನ್ನತ್ತ ತಿರುಗಿದರು.

"ಮಾತು ಬರಲ್ಲ ಮೇಡಂ, ಪಾಪ. ಆದ್ರೆ ಗೂಡು ಫಸ್ಟ್ ಕ್ಲಾಸ್ ಮಾಡ್ತಾನೆ. ನೀವು ಎಲ್ಲಿಂದ?"

"ಮೈಸೂರಿನಿಂದ. ಪರಿಚಯದವಳು."

ಅವರ ಮುಖ ಅರಳಿತು. "ಮೈಸೂರಲ್ಲಿ ಮಾತು ಬರ್ದೇ ಇರೋರಿಗೆ ದೊಡ್ಡ ಆಸ್ಪತ್ರೆ ಐತಂತಲ್ಲ, ಅಲ್ಲಿಂದಾ? ನಾನು ಇವ್ನ ತಾಯಿಗೆ ಎಷ್ಟ್ ಸಲ ಹೇಳ್ದೆ, ಕರ್ಕೊಂಡ್ ಹೋಗಿ ತೋರ್ಸಮ್ಮ ಅಂತ!"

ಇಲ್ಲವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ಕೂಗಿತು, ಅವರು ಹೊರಟರು. ಶಿವರಾಜು ನೆಲ ನೋಡುತ್ತಿದ್ದ.

ಅವನ ಗೂಡನ್ನು ಬೇರೆ ಯಾರೋ ಕೊಂಡರು. ತೂಕವಾದ ಮೇಲೆ ಹಲಸಿನ ಹಣ್ಣು ಎತ್ತಿಕೊಂಡು ಇಬ್ಬರೂ ಅಮೀರ್ ಸಾಬರ ಶೆಡ್ಡಿಗೆ ನಡೆದೆವು. ಕಿರಿದಾದ ಓಣಿ, ಎರಡೂ ಕಡೆ ನೂಲು ತೆಗೆಯುವ ಸದ್ದು, ಚರಂಡಿಯಲ್ಲಿ ಬಿಸಿನೀರಿನ ಹಬೆ. ಆ ಬಾಗಿಲಿನ ಮುಂದೆ ಅವನು ಎಷ್ಟು ಹೊತ್ತು ನಿಂತನೆಂದರೆ, ಬೇಡ, ವಾಪಸ್ಸು ಹೋಗೋಣ ಎಂಬ ಮಾತು ನನ್ನ ನಾಲಗೆ ತುದಿಯವರೆಗೆ ಬಂದಿತ್ತು. ಅವನು ಒಳಗೆ ಹೋದ.

ಒಳಗೆ ಮೆಷಿನ್ನಿನ ಗಿರಗಿರ ಸದ್ದಿಗೆ ಕಿವಿ ತುಂಬಿತು. ಬೇಯುವ ಗೂಡುಗಳಿಂದ ಎಳೆ ಎಳೆಯಾಗಿ ನೂಲು ರಾಟೆಗೆ ಏರುತ್ತಿತ್ತು. ಅಮೀರ್ ಸಾಬರು ನಗುತ್ತ ಎದ್ದು ಹಣ್ಣಿಗೆ ಕೈ ಚಾಚಿದರು. ಶಿವರಾಜು ಕೊಡಲಿಲ್ಲ. ಹಣ್ಣನ್ನು ಎರಡೂ ತೋಳಿನಲ್ಲಿ ಅವುಚಿಕೊಂಡೇ ನಿಂತ. ಕೈ ಮುಗಿಯಬೇಕೆಂದಿದ್ದವನಿಗೆ ಕೈ ಖಾಲಿಯಿರಲಿಲ್ಲ. ಬಾಯಿ ತೆರೆದು ಏನೋ ಹೇಳಿದ. ಸದ್ದಿನಲ್ಲಿ ನನಗೂ ಕೇಳಲಿಲ್ಲ. ಆದರೆ ತುಟಿಯಾಡಿದ್ದು ಅಮೀರ್ ಸಾಬರಿಗೆ ಕಂಡಿತು. ಅವರು ಓಡಿಹೋಗಿ ಮೆಷಿನ್ ನಿಲ್ಲಿಸಿದರು.

"ಜಮೀಲಾ! ಜಮೀಲಾ, ಬಾ ಇಲ್ಲಿ! ಈ ಹುಡ್ಗಂಗೆ ಮಾತು ಬಂತು! ಮೈಸೂರಿನ ಮೇಡಂ ಮಾತು ತರ್ಸವ್ರೆ!"

ಒಳಗಿನಿಂದ ಜಮೀಲಾಬಿ ಬಂದರು, ಬಲಗಾಲು ಸ್ವಲ್ಪ ಎಳೆಯುತ್ತ. ಕೆಲಸದ ಹೆಂಗಸರಿಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಅಮೀರ್ ಸಾಬರ ಕಣ್ಣಲ್ಲಿ ನೀರಿತ್ತು. ಅಷ್ಟು ಶುದ್ಧವಾದ ಸಂತೋಷವನ್ನು ನಾನು ಈಚೆಗೆ ಯಾರ ಮುಖದಲ್ಲೂ ಕಂಡಿಲ್ಲ. "ಹೇಳು ಬೇಟಾ" ಎಂದರು. "ಇನ್ನೊಂದ್ ಸಲ ಹೇಳು. ಎಲ್ರೂ ಕೇಳ್ಲಿ."

"ಆ ವಾಯ್ಸ್ ನಂದು" ಎಂದ ಶಿವರಾಜು. "ನಿಮ್ ಶೆಡ್ಡಲ್ಲಿ ಆಯುಧ ಐತೆ ಅಂತ ಹೇಳಿದ್ದು ನಾನು. ಸುಳ್ಳು ಅದು. ಯಾರೋ ಬರ್ಕೊಟ್ರು, ಓದ್ದೋನು ನಾನು. ಅಮ್ಮನ್ ಕಾಲು ಸುಟ್ಟಿದ್ದು ನನ್ನಿಂದ."

ದನಿ ಗುರುತು ಹಿಡಿಯಲು ಅವರಿಗೆ ಮೊದಲ ಮಾತೇ ಸಾಕಾಗಿತ್ತು. ಅಮೀರ್ ಸಾಬರ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಹೋಯಿತು. ಅವರು ಹೋಗಿ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು. ನಾನು ಅಳುತ್ತಿದ್ದೆ. ಸಂಶೋಧಕರು ಅಳಬಾರದೆಂದು ಎಲ್ಲೂ ಬರೆದಿಲ್ಲ.

ಮಾತಾಡಿದವರು ಜಮೀಲಾಬಿ.

"ಹಣ್ಣು ಇಳ್ಸು. ತೋಳು ನೋಯ್ತದೆ."

ಇಳಿಸಿದ. ಈಗ ಕೈ ಮುಗಿದ.

"ನಂಗೆ ಮಾಫಿ ಕೇಳಾಕ್ ಬಂದೆ. ಸರಿ" ಎಂದರು. "ಆವಾಗ ನೀನು ನಂಗ್ ಹೇಳಿದ್ದಾ? ಊರ್ಗೆಲ್ಲ ಹೇಳ್ದೆ. ಈಗ ನಾಲ್ಕ್ ಗೋಡೆ ಒಳ್ಗೆ ನಂಗೊಬ್ಳಿಗೆ ಹೇಳಿದ್ರೆ ಏನ್ ಬಂತು? ಮೊನ್ನೆ ಸಂತೇಲಿ ಸೊಪ್ಪು ಮಾರೋಳು, ನಿಮ್ ಮನೇಲಿ ಈಗ್ಲೂ ಅದೆಲ್ಲ ಇಟ್ಟಿದ್ದೀರಾ ಅಂದ್ಳು. ಈಗ್ಲೂ! ಫೋನ್ ತಗಿ. ಅದೇ ದನೀಲಿ ಹೇಳು."

ಶಿವರಾಜು ಫೋನು ತೆಗೆದ. ನಾನು ಅವನ ತೋಳು ಹಿಡಿದು, ಯೋಚಿಸು ಎಂದೆ. ಒಮ್ಮೆ ಹೊರಗೆ ಹೋದ ಮಾತನ್ನು ಹಿಂದಕ್ಕೆ ತರಲಾಗದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. "ಯೋಚ್ನೆ ಮಾಡಿದ್ದು ಸಾಕು ಮೇಡಂ" ಎಂದ. ಗಂಟಲು ಸರಿಮಾಡಿಕೊಂಡು, ಕಬಡ್ಡಿ ಮೈದಾನದಲ್ಲಿ ನಿಂತವನ ಹಾಗೆ ಎದೆ ಎತ್ತಿ ಶುರು ಮಾಡಿದ. "ಆತ್ಮೀಯ ಬಂಧುಗಳೇ..."

"ಹಂಗಲ್ಲ" ಎಂದರು ಜಮೀಲಾಬಿ. "ಹಂಗ್ ಮಾತಾಡೇ ಎಲ್ಲ ಕೆಟ್ಟಿದ್ದು. ಈಗ ನನ್ ಜೊತೆ ಮಾತಾಡ್ದಲ್ಲ, ಹಂಗೆ ಮಾತಾಡು."

ಅವನು ಅಲ್ಲಿಯವರೆಗೆ ರೆಕಾರ್ಡ್ ಆದದ್ದನ್ನು ಅಳಿಸಲು ಹೋದ. ಬೇಡ, ಅದೂ ಇರಲಿ ಎಂದರು. ಆಮೇಲೆ ಗಂಡನತ್ತ ತಿರುಗಿ "ಮೆಷಿನ್ ಹಾಕಿ" ಎಂದರು. "ನಮ್ ಶೆಡ್ಡಲ್ಲಿ ಏನ್ ಐತೆ ಅಂತ ಕೇಳ್ಲಿ ಜನ."

ಅಮೀರ್ ಸಾಬರು ಗೋಡೆ ಬಿಟ್ಟು ಎದ್ದರು. ಯಾರ ಮುಖವನ್ನೂ ನೋಡದೆ ಹೋಗಿ ಸ್ವಿಚ್ಚು ಒತ್ತಿದರು. ರಾಟೆ ತಿರುಗಿತು. ಆ ಸದ್ದಿನ ನಡುವೆ ಶಿವರಾಜು ತನ್ನ ಹೆಸರು ಹೇಳಿ, ಊರು ಹೇಳಿ, ನಡೆದದ್ದನ್ನೆಲ್ಲ ಹೇಳಿದ. ನಡುವೆ ತಡವರಿಸಿದ, ಒಂದು ಕಡೆ ನಿಂತೇಹೋದ. ಹಳೆಯ ವಾಯ್ಸ್ ಹರಿದ ವಾಟ್ಸಾಪ್ ಗುಂಪುಗಳಿಗೆಲ್ಲ ಇದನ್ನು ಕಳಿಸಲು ಅವನಿಗೆ ಈಗ ದಾರಿಯಿರಲಿಲ್ಲ. ಕಬಡ್ಡಿಯವರಿಗೆ, ಊರಿನವರಿಗೆ, ಬೆಳೆಗಾರರಿಗೆ, ನೆಂಟರಿಗೆ ಕಳಿಸಿದ. ನನಗೂ ಒಂದು ಬಂತು.

ಊಟಕ್ಕೆ ಯಾರೂ ಕರೆಯಲಿಲ್ಲ, ನಾವು ಕಾಯಲೂ ಇಲ್ಲ. ಹೊರಡುವಾಗ ಅಮೀರ್ ಸಾಬರು ಬಾಗಿಲವರೆಗೆ ಬಂದರು. "ನನ್ಗೆ ಕೋಪ ಐತೆ" ಎಂದರು. "ಇರ್ತದೆ." ಆಮೇಲೆ ಕೇಳಿದರು: "ಮುಂದಿನ್ ಬೆಳೆ ಯಾವಾಗ?" ಶಿವರಾಜು ಎಷ್ಟು ತಿಂಗಳೆಂದು ಬೆರಳಿನಲ್ಲೇ ತೋರಿಸಿದ.

ಓಣಿ ದಾಟಿದ ಮೇಲೆ "ನಾಳೆ ಸ್ಟೇಷನ್ಗೂ ಹೋಯ್ತೀನಿ" ಎಂದ. ಗೊತ್ತಿರುವ ವಕೀಲರೊಬ್ಬರಿಗೆ ನಾನು ಅಲ್ಲಿಂದಲೇ ಫೋನು ಮಾಡಿದೆ. ಮಾಗಡಿ ಬಸ್ಸು ಹತ್ತುವ ಮುಂಚೆ ತಿರುಗಿ "ಈಗ ಹಾಕ್ಕಳಿ ಮೇಡಂ, ಪುಸ್ತಕಕ್ಕೆ" ಎಂದ.

ಮಧ್ಯಾಹ್ನದ ಹಳೆ ರಸ್ತೆಯ ಬಸ್ಸಿನಲ್ಲಿ ಈ ಸಲ ಸೀಟು ಸಿಕ್ಕಿತು. ಬಂಡೆಗಳ ಮೇಲೆ ಬಿಸಿಲು ಬಂದಿತ್ತು. ಚೀಲದಲ್ಲಿ ಬುಗುರಿ, ಹುಣಸೆಮರದಿಂದ ಬಿಡಿಸಿಕೊಂಡು ಬಂದಿದ್ದ ಊದುಬತ್ತಿ. ಕೆಂಗಲ್ಲಿನಲ್ಲಿ ಹಣ್ಣುಕಾಯಿ ಬುಟ್ಟಿ ಹಿಡಿದ ಗಂಡಹೆಂಡತಿ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತರು. ಗಂಡ ಫೋನು ತೆಗೆದು ಜೋರಾಗಿ ಏನೋ ಹಾಕಿದ. ಮೊದಲ ಉಸಿರಿಗೇ ನನಗೆ ಗೊತ್ತಾಯಿತು. ಅದೇ ದನಿ, ಅದೇ ಹಳೆ ವಾಯ್ಸ್. ಹಬ್ಬವೋ ಚುನಾವಣೆಯೋ ಬಂದಾಗಲೆಲ್ಲ ಯಾರೋ ಅದನ್ನು ಮತ್ತೆ ಹರಿಬಿಡುತ್ತಾರೆ. ಸುತ್ತಲಿನ ನಾಲ್ಕು ಸೀಟಿನವರು ಕಿವಿಗೊಟ್ಟು ತಲೆಯಾಡಿಸತೊಡಗಿದರು.

ಇಷ್ಟು ವರ್ಷದ ಅಭ್ಯಾಸದಂತೆ ನಾನು ನೋಡಬೇಕಿತ್ತು, ಕೇಳಬೇಕಿತ್ತು. ಕನಕಪುರದ ಹುಡುಗಿ ನೆನಪಾದಳು. ಕಂಬಿ ಹಿಡಿದು ಎದ್ದು ನಿಂತೆ.

"ಅಣ್ಣಾ, ಈ ದನಿಯವನನ್ನ ನಾನು ಬಲ್ಲೆ."

"ಔದಾ?" ಎಂದ ಆತ, ಖುಷಿಯಿಂದ. "ಎಷ್ಟು ಚೆನ್ನಾಗ್ ಮಾತಾಡ್ತಾನಲ್ವಾ!"

"ಚೆನ್ನಾಗಿ ಮಾತಾಡ್ತಾನೆ. ಇವತ್ತು ಬೆಳಿಗ್ಗೆ ಇದಕ್ಕಿಂತ ಚೆನ್ನಾಗಿ ಮಾತಾಡಿದ. ಕೇಳಿ."

ನನ್ನ ಫೋನು ಅವನ ಕೈಗೆ ಕೊಟ್ಟೆ. ಆತ್ಮೀಯ ಬಂಧುಗಳೇ ಎಂಬ ಎತ್ತಿದ ದನಿ, ಹಂಗಲ್ಲ ಎಂಬ ಹೆಂಗಸಿನ ಗದರಿಕೆ, ಆಮೇಲೆ ರಾಟೆಯ ಗಿರಗಿರ, ಅದರ ನಡುವೆ ತಡವರಿಸುವ ಅದೇ ದನಿ. ಬಸ್ಸಿನ ಸದ್ದಿಗೆ ಸರಿಯಾಗಿ ಕೇಳದೆ ಆತ ಫೋನನ್ನು ಕಿವಿಗೆ ಒತ್ತಿಕೊಂಡ. "ನಂಗೂ ಕೇಳ್ಸಿ" ಎಂದು ಹೆಂಡತಿ ಬುಟ್ಟಿ ಕೆಳಗಿಟ್ಟು ಬಾಗಿದಳು. ಮುಂದಿನ ಸೀಟಿನವರು ಹಿಂದೆ ತಿರುಗಿದರು. ಬಸ್ಸು ಚನ್ನಪಟ್ಟಣದ ಕಡೆ ಓಡುತ್ತಿತ್ತು. ಅದು ಮುಗಿದ ಮೇಲೂ ಆತ ಫೋನು ವಾಪಸ್ಸು ಕೊಡಲಿಲ್ಲ. ಕಿಟಕಿಯ ಹೊರಗೆ ಒಮ್ಮೆ ನೋಡಿದ, ಹೆಂಡತಿಯ ಮುಖ ನೋಡಿದ.

"ಒಸಿ ಇನ್ನೊಂದ್ ಸಲ ಹಾಕಿ ಮೇಡಂ" ಎಂದ.